ಪಲ್ಲವಿಯ ಇನಿಶಿಯಲ್

ಐವತ್ತು ದಾಟಿದ ಗಂಡಸು ಒಂದು ಫಾರ್ಮ್ ನೋಡಿ ಬೆವರುವುದುಂಟೇ? ನಾನು ಬೆವರಿದೆ. ಕಳೆದ ಶನಿವಾರ, ಹಲಸೂರಿನ ಒಂದು ಶಾಲೆಯ ಎದುರು, ನಿಂತೇ ತಿನ್ನಬೇಕಾದ ಹೋಟೆಲಿನಲ್ಲಿ.

ಪಲ್ಲವಿಯ ಪರೀಕ್ಷೆಯ ಫಾರ್ಮ್ ಅದು. ನನ್ನ ಹೆಂಡತಿ ಶಾರದೆಯ ಮಗಳು, ಈಗ ಎಸ್ಸೆಸ್ಸೆಲ್ಸಿ. ಅವಳಪ್ಪ ಬಸವರಾಜ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಹಾಜರಿ ಪುಸ್ತಕದಲ್ಲಿ ಇಂದಿಗೂ ಬಿ. ಪಲ್ಲವಿ. ನಾನು ಆ ಮನೆಗೆ ಬಂದು ಎರಡು ವರ್ಷವಾಯಿತು. ನನ್ನನ್ನು ಅಂಕಲ್ ಅನ್ನುತ್ತಾಳೆ. (ಗ್ಯಾಸ್ ತರುವವನೂ ಅಂಕಲ್ಲೇ. ಇರಲಿ.)

"ಇನಿಶಿಯಲ್ ಎಲ್ಲ ಈಗಲೇ ಸರಿಯಾಗಿ ನೋಡ್ಕೊಳ್ಳಿ ಸರ್. ಆಮೇಲೆ ತಿದ್ದೋದು ತುಂಬಾ ಕಷ್ಟ" ಎಂದಿದ್ದರು ಟೀಚರ್. ಯಾದಗಿರಿ ಕಡೆಯ ಶಾರದೆ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು: "ನಿಮ್ಮ ಇನಿಶಿಯಲ್ಲೇ ಹಾಕಿಸಿಬಿಡ್ರಿ. ನಾಳಿ ಯಾರೂ ಕೇಳೋದು ಬ್ಯಾಡ." ಪಲ್ಲವಿ ಆಗ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಈಗ ಹೋಟೆಲಿನಲ್ಲಿ ನನ್ನೆದುರು ನಿಂತು ಪೆನ್ನಿನ ಕ್ಯಾಪ್ ಕೂಡ ತೆಗೆದಿರಲಿಲ್ಲ.

ನಿಜ ಹೇಳಲಾ? ನನಗೂ ಆಸೆಯಿತ್ತು. ಮಲತಂದೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಬಜೆಟ್ ಬಂದಾಗ ಪೇಪರಿನವರು ಬೈಯುವುದಕ್ಕೂ ಮಲತಾಯಿಯೇ. ನಮಗೆ ಅಷ್ಟೂ ಕಿಮ್ಮತ್ತಿಲ್ಲ. ಇಂಗ್ಲಿಷಿನ ಸ್ಟೆಪ್ ಫಾದರ್ ಕೂಡ ನನ್ನ ಕಿವಿಗೆ 'ಅಸಲಿ ಅಲ್ಲದವನು' ಎಂದೇ ಕೇಳಿಸುತ್ತಿತ್ತು. ಕಾಫಿ ಬರುವಷ್ಟರಲ್ಲಿ ಮೊಬೈಲಿನ ಡಿಕ್ಷನರಿಯಲ್ಲಿ ಅದನ್ನೇ ಹುಡುಕಿದೆ.

ಅಲ್ಲಿ ಬೇರೆಯದೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಆ 'ಸ್ಟೆಪ್' ಅಂದರೆ ತನ್ನವರನ್ನು ಕಳೆದುಕೊಂಡದ್ದು ಎಂದರ್ಥವಂತೆ. ತಬ್ಬಲಿ ಮಗುವಿಗೆ ಬಳಸುತ್ತಿದ್ದರಂತೆ. ಅಂಥ ಮಗುವಿಗೆ ತಂದೆಯಾದವನೇ ಸ್ಟೆಪ್ ಫಾದರ್. ಇಷ್ಟು ದಿನ ಅದು ನನ್ನ ಕೊರತೆ ಎಂದುಕೊಂಡಿದ್ದೆನಲ್ಲ! ಅದು ಇವಳ ದುಃಖ.

ಫೋನನ್ನು ಅವಳ ಕಡೆ ತಿರುಗಿಸಿದೆ. ಎರಡು ಸಲ ಓದಿದಳು.

"ಇನಿಶಿಯಲ್ ಹಾಗೇ ಇರ್ಲಿ ಕಣಮ್ಮ. ನಿಮ್ಮಮ್ಮಂಗೆ ನಾನ್ ಹೇಳ್ತೀನಿ" ಎಂದೆ.

"ನಿಜವಾಗ್ಲೂ? ನಿಮಗೆ ಬೇಜಾರಾಗಲ್ವಾ ಅಂಕಲ್?"

"ಇಲ್ಲ." (ಸ್ವಲ್ಪ ಆಯಿತು. ನಿಮ್ಮ ಹತ್ತಿರ ಸುಳ್ಳು ಯಾಕೆ?)

ಅವಳು ಕರ್ಚೀಫಿನಿಂದ ಟೇಬಲ್ ಒರೆಸಿ, ತಂದೆ ಎಂಬಲ್ಲಿ ಬಸವರಾಜ ಎಂದು ಸರಸರ ಬರೆದಳು. ಪೋಷಕರು ಎಂಬಲ್ಲಿ ನನ್ನ ಹೆಸರು. ಪಕ್ಕದಲ್ಲೇ 'ಸಂಬಂಧ' ಎಂಬ ಖಾನೆ. ಅಂಕಲ್ ಅಂತ ಬರೆದುಬಿಟ್ಟರೆ? ನಾನು ಕಾಫಿ ಲೋಟದೊಳಗೇ ನೋಡುತ್ತ ನಿಂತೆ.

ಸ್ಟೆಪ್ ಫಾದರ್ ಎಂದು ಬರೆದು, ಫಾರ್ಮನ್ನು ನನ್ನ ಕಡೆ ತಳ್ಳಿದಳು. "ಸರಿ ಇದ್ಯಾ ನೋಡಿ."

ಉಸ್ಸಪ್ಪಾ! ಎರಡು ವರ್ಷದಿಂದ ಹಿಡಿದಿಟ್ಟ ಉಸಿರು ಬಿಟ್ಟಂತಾಯಿತು. ಖುಷಿಗೆ ಇನ್ನೊಂದು ಕಾಫಿ ಹೇಳಿದೆ.

ಆ ಪದದ ಮೊದಲರ್ಧ ಬಸವರಾಜನದು. ಉಳಿದರ್ಧ ನನಗೆ ಸಾಲದೇ?