ಅಣ್ಣನ ಬಾಯಿಗೆ ನಾನು ಹಿಡಿದ ಮೈಕು

ಅವತ್ತು ಮೈಕು ಕೆಟ್ಟಿರಲಿಲ್ಲ. ಸದ್ದು ಏರಿಸಿ ಇಳಿಸುವ ನಾಬ್ ಸಡಿಲವಾಗಿತ್ತು, ಕೈಗೆ ಸಿಗಲಿಲ್ಲ ಎಂದು ನಾನು ಅಣ್ಣನಿಗೆ ಹೇಳಿದ್ದು ಸುಳ್ಳು. ಅದೇ ಸುಳ್ಳನ್ನು ಆಮೇಲೆ ಪಕ್ಷದವರಿಗೆ, ಪೇಪರಿನವರಿಗೆ, ನನ್ನ ಹೆಂಡತಿಗೆ — ಕೇಳಿದವರಿಗೆಲ್ಲ ಹೇಳಿದೆ. ಹೇಳಿ ಹೇಳಿ ಒಮ್ಮೊಮ್ಮೆ ನನಗೇ ಅದು ನಿಜ ಅನ್ನಿಸುತ್ತಿತ್ತು. ನಿಜವಲ್ಲ. ನಾಬ್ ಗಟ್ಟಿಯಾಗಿತ್ತು. ತಿರುಗಿಸಿದ ಕೈ ನನ್ನದು.

ನಾನು ಹೆಚ್ಚು ಓದಿದವನಲ್ಲ. ಏಳನೇ ಕ್ಲಾಸಿನಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಾಗ, ಅಣ್ಣ ಚನ್ನಣ್ಣ ನನ್ನನ್ನು ತುಮಕೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟ. ಕಲಿತು ಬಂದ ಮೇಲೆ ಗುಬ್ಬಿಯಲ್ಲಿ ನನಗೇ ಒಂದು ಅಂಗಡಿ ಹಾಕಿಕೊಟ್ಟ. ಆಂಪ್ಲಿಫೈಯರು, ಎರಡು ಮೈಕು, ಮರಕ್ಕೆ ಕಟ್ಟುವ ಹಾರ್ನುಗಳು. ಮದುವೆಗೆ, ನಾಟಕಕ್ಕೆ, ಎಲೆಕ್ಷನ್ನಿಗೆ ನನ್ನ ಸೆಟ್ಟೇ ಹೋಗುತ್ತಿತ್ತು. ಚೇಳೂರಿನವರೆಗೆ ನನ್ನ ಹೆಸರು ನಡೆಯುತ್ತಿತ್ತು. ಅದೆಲ್ಲ ಅಣ್ಣ ಕೊಟ್ಟದ್ದು — ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಹೇಳುವ ಮಾತು ಕೇಳುವಾಗ ನಿಮಗೆ ಇದು ನೆನಪಿರಲಿ.

ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನ ಹೇಳಿದ ಮಾತೊಂದೇ. "ಮಾತಾಡೋರು ಎದ್ದು ನಿಂತಾಗ ನಾಬ್ ಏರ್ಸು, ಕೂತ್ಕೊಂಡ ತಕ್ಷಣ ಇಳ್ಸು. ಸ್ಟೇಜ್ ಮೇಲೆ ದೊಡ್ಡೋರು ತಮ್ತಮ್ಮಲ್ಲೇ ಏನೇನೋ ಆಡ್ಕೋತಾರೆ ಕಣೋ. ಅದು ಜನಕ್ಕೆ ಹೋಗ್ಬಾರ್ದು. ಅವ್ರ ಮಾನ ನಿನ್ನ ಬೆರಳಲ್ಲಿ ಇರ್ತದೆ." ನಮ್ಮ ಕೆಲಸದವರಿಗೆಲ್ಲ ಇದು ಗೊತ್ತು. ಎಷ್ಟು ಮಂತ್ರಿಗಳ, ಎಷ್ಟು ಸ್ವಾಮಿಗಳ, ಎಷ್ಟು ಬೀಗರ ಮಾತು ನನ್ನ ಬೆರಳಿನ ಕೆಳಗೆ ಸತ್ತುಹೋಗಿದೆಯೋ! ಒಂದನ್ನೂ ನಾನು ಹೊರಗೆ ಬಿಟ್ಟವನಲ್ಲ. ಬಿಟ್ಟದ್ದು ಅಣ್ಣನದನ್ನು ಮಾತ್ರ.

ಅಣ್ಣನ ಗಂಟಲಿಗೆ ಮೈಕೇ ಬೇಕಿರಲಿಲ್ಲ. ಅವನದು ತೆಂಗಿನಕಾಯಿ ಮಂಡಿ. ಅಲ್ಲಿ ನಿಂತು ಹರಾಜು ಕೂಗಿದರೆ ರೈಲ್ವೆ ಗೇಟಿನ ಹತ್ತಿರ ಇರುವವರು ತಿರುಗಿ ನೋಡುತ್ತಿದ್ದರು. ನಗು ಜೋರು, ಬೈಗುಳ ಜೋರು, ಮಗುವನ್ನು ಮುದ್ದಿಸುವುದೂ ಜೋರು. ಆ ಗಂಟಲಿನಿಂದಲೇ ತಾಲ್ಲೂಕಿನಲ್ಲಿ ಪಕ್ಷದ ಮುಖಂಡನಾದ. ಮುಂದಿನ ಸಲ ಟಿಕೆಟ್ಟು ಅವನಿಗೇ ಎಂದು ಎಲ್ಲರೂ ಮಾತಾಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಒಂದು ಎಲೆಕ್ಷನ್ನು. ಗುಬ್ಬಿಯ ಮೈದಾನದಲ್ಲಿ ಕೊನೆಯ ಸಭೆ. ಮಿನಿಸ್ಟ್ರು ಬರುವವರಿದ್ದರು. ಜನ ಸೇರಿಸಲು ಕಮಲಾಕ್ಷಮ್ಮನವರನ್ನೂ ಕರೆಸಿದ್ದರು — ಕುಣಿಗಲ್ ಕಡೆಯವರು, ಕಂಪನಿ ನಾಟಕಗಳಲ್ಲಿ ರಾಣಿ ಪಾರ್ಟು ಮಾಡಿ, ಆಮೇಲೆ ಸಿನಿಮಾದಲ್ಲಿ ತಾಯಿ ಪಾತ್ರ ಮಾಡಿ ಮನೆಮನೆಗೂ ಗೊತ್ತಾದವರು.

ಮಿನಿಸ್ಟ್ರು ವೇದಿಕೆ ಹತ್ತುವಾಗ ನಾನು ಮೆಟ್ಟಿಲ ಪಕ್ಕ ವೈರು ಸರಿಮಾಡುತ್ತಿದ್ದೆ. ಅವರು ನನ್ನ ಮುಖ ನೋಡಿ, "ಇವ್ನು ನಿಮ್ಮ ಥರಾನೇ ಇದಾನಲ್ರೀ, ಯಾರು?" ಎಂದು ಅಣ್ಣನನ್ನು ಕೇಳಿದರು. ನಾನು ಬಟ್ಟೆಗೆ ಕೈ ಒರೆಸಿಕೊಂಡು ಎದ್ದು ನಿಂತೆ. ನಮಸ್ಕಾರ ಮಾಡಲು ಕೈ ಅರ್ಧ ಎತ್ತಿದ್ದೆ.

"ಅವ್ನಾ? ಮೈಕ್‌ಸೆಟ್‌ನವ್ನು ಬುಡಿ ಸಾರ್," ಎಂದ ಅಣ್ಣ. ಎಂದು ಮುಂದೆ ಹೋದ.

ಅಷ್ಟೇ ನಡೆದದ್ದು. ಅವನು ಅವಸರದಲ್ಲಿದ್ದ, ಹಿಂದೆ ಜನ ತಳ್ಳುತ್ತಿದ್ದರು, ನನ್ನ ಮೈಮೇಲೆ ಮಣ್ಣಾದ ಬನಿಯನ್ ಇತ್ತು — ಇದನ್ನೆಲ್ಲ ನಾನು ಈಗ ಯೋಚಿಸಬಲ್ಲೆ. ಆಗ ಯೋಚಿಸಲಿಲ್ಲ. ಎತ್ತಿದ ಕೈ ಇಳಿಸಿ, ವೇದಿಕೆಯ ಪಕ್ಕ ಆಂಪ್ಲಿಫೈಯರ್ ಮುಂದೆ ಹೋಗಿ ಕೂತೆ.

ಕಮಲಾಕ್ಷಮ್ಮ ತಡವಾಗಿ ಬಂದರು. ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಮೈದಾನ ಎದ್ದು ನಿಂತಿತು. ಮಿನಿಸ್ಟ್ರ ಪಕ್ಕದಲ್ಲಿ ಅವರಿಗೆ ಜಾಗ ಮಾಡಲು ಪಕ್ಷದವರು ಅಣ್ಣನ ಭುಜ ಮುಟ್ಟಿ ಎಬ್ಬಿಸಿದರು. ವೇದಿಕೆಯ ಆ ತುದಿಯಲ್ಲಿ, ಸ್ವಾಗತ ಹೇಳುವವರ ಮೇಜಿನ ಹಿಂದೆ ಅವನಿಗೆ ಒಂದು ಮಡಚುವ ಕುರ್ಚಿ ಹಾಕಿದರು. ಆ ಮೇಜಿನ ಮೇಲೆ, ಹಾರಗಳ ರಾಶಿಯ ನಡುವೆ, ನನ್ನ ಎರಡನೇ ಮೈಕು ಮಲಗಿತ್ತು. ಅದರ ನಾಬನ್ನು ನಾನು ಇಳಿಸಿಯೇ ಇಟ್ಟಿದ್ದೆ.

ಅಣ್ಣನ ಮುಖ ಕೆಂಪಾಗಿತ್ತು. ಪಕ್ಕದವನ ಕಡೆ ಬಗ್ಗಿ ಏನೋ ಹೇಳತೊಡಗಿದ. ನನಗೆ ಅವನ ಸಿಟ್ಟಿನ ಮುಖ ಗೊತ್ತು. ಏನು ಹೇಳುತ್ತಿರಬಹುದೆಂದೂ ಗೊತ್ತು.

ನಾಬ್ ಇಳಿಸುವುದನ್ನು ಮರೆತಿದ್ದರೆ ಅದು ಬೇರೆ ಮಾತು. ನಾನು ಏರಿಸಿದೆ. ಬೇಕೆಂದೇ, ನಿಧಾನವಾಗಿ, ಪೂರ್ತಿ.

"...ಬಣ್ಣ ಬಳ್ಕೊಂಡು ಕಂಡೋರ ಮುಂದೆ ಕುಣಿಯೋ ಹೆಂಗ್ಸಿಗೆ ನಾನ್ ಎದ್ದು ಕುರ್ಚಿ ಬುಡ್ಬೇಕೇನ್ಲಾ? ಇಲ್ಲಿ ಜನ ನನ್ ಮಕ ನೋಡ್ಕೊಂಡು ಓಟ್ ಹಾಕ್ತಾರಾ, ಇವ್ಳ ಮೂತಿ ನೋಡ್ಕೊಂಡಾ?"

ಬೇವಿನ ಮರದ ಹಾರ್ನಿನಿಂದ, ಬಸ್‌ಸ್ಟ್ಯಾಂಡಿನ ಕಡೆಯ ಹಾರ್ನಿನಿಂದ, ಎಲ್ಲ ಕಡೆಯಿಂದಲೂ ಅಣ್ಣನ ಮಾತು ಬಂತು. ಕೊನೆಯ ಪದಗಳು ಅವನ ಕಿವಿಗೇ ತಿರುಗಿ ಬಂದಾಗ ಅವನು ಬಾಯಿ ತೆರೆದುಕೊಂಡೇ ಮೇಜಿನ ಮೇಲಿನ ಮೈಕನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಅಷ್ಟರಲ್ಲಿ ನಾನು ನಾಬ್ ಇಳಿಸಿದ್ದೆ.

ಕಮಲಾಕ್ಷಮ್ಮ ಎದ್ದರು. ಮಿನಿಸ್ಟ್ರು ಕೈ ಮುಗಿದು ತಡೆದರೂ ನಿಲ್ಲಲಿಲ್ಲ. ಸೆರಗು ಹೊದ್ದುಕೊಂಡು, ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ನನ್ನ ಪಕ್ಕದಲ್ಲೇ ಹಾದುಹೋದರು. ಆ ಹೆಂಗಸು ನನಗೇನು ಮಾಡಿದ್ದರು? ಅಣ್ಣನಿಗೆ ಹೊಡೆಯಲು ನಾನು ಅವರನ್ನು ಕೋಲು ಮಾಡಿಕೊಂಡೆ — ಇದು ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ವೇದಿಕೆಯ ಹಿಂದೆ ಅಣ್ಣ ನನ್ನ ತೋಳು ಹಿಡಿದು ಕೇಳಿದ. "ಏನ್ಲಾ ಪುಟ್ಟ, ಮೈಕ್ ಬಂದ್ ಮಾಡಿರ್ನಿಲ್ವೇನ್ಲಾ?"

"ಮಾಡಿದ್ದೆ ಕಣಣ್ಣ. ನಾಬ್ ಲೂಸಾಗೈತೆ. ಕೈಗೇ ಸಿಗ್ನಿಲ್ಲ."

ಅವನು ನಂಬಿದ. ಒಂದು ಸಲವೂ ಮತ್ತೆ ಕೇಳಲಿಲ್ಲ.

ಮರುದಿನ ಪೇಪರಿನಲ್ಲೆಲ್ಲ ಅದೇ. ತುಮಕೂರಿನಲ್ಲಿ ನಾಟಕದವರು ಬಣ್ಣ ಹಚ್ಚಿಕೊಂಡೇ ರಸ್ತೆಗೆ ಬಂದು ಕೂತರು. ಕಿರೀಟ ಇಟ್ಟುಕೊಂಡ ರಾಜರು, ಗದೆ ಹೊತ್ತವರು, ಬಸ್ಸುಗಳನ್ನು ತಡೆದು ಅಣ್ಣನಿಗೆ ಧಿಕ್ಕಾರ ಕೂಗಿದರು. ಪಕ್ಷದವರು ಮಂಡಿಗೆ ಬಂದು ಉಪಾಯ ಹೇಳಿದರು. ಒಬ್ಬ, "ಯಾರೋ ಮಿಮಿಕ್ರಿ ಮಾಡವ್ರೆ ಅನ್ನೋಣ," ಎಂದ. ಇನ್ನೊಬ್ಬ ನನ್ನ ಕಡೆ ಬೆರಳು ತೋರಿಸಿದ. "ಈ ಮೈಕ್‌ನವನೇ ದುಡ್ಡು ತಿಂದು ಮಾಡ್ದ ಅಂತ ಕಂಪ್ಲೇಂಟ್ ಕೊಡೋಣ. ಮುಗ್ದೋಯ್ತು."

ಅಣ್ಣ ಎದ್ದು ನಿಂತ.

"ಅವ್ನ ಸುದ್ದಿಗೆ ಹೋದ್ರೆ ಹುಷಾರ್! ಅವ್ನು ನನ್ ತಮ್ಮ. ಬೈದಿರೋದು ನಾನು. ಬಾಯಿ ನಂದು ಕಣ್ರಯ್ಯಾ, ಅವ್ನ ಮೈಕ್ ಏನ್ ಮಾಡ್ತು?"

ನನ್ ತಮ್ಮ — ಅಷ್ಟು ಜನರ ಮುಂದೆ ಹೇಳಿದ. ಆಗಲಾದರೂ ನಾನು ಹೇಳಬಹುದಿತ್ತು. ನಾನು ನೆಲ ನೋಡುತ್ತಾ ನಿಂತೆ.

ಕಮಲಾಕ್ಷಮ್ಮನವರ ನಾಟಕ ಆ ವಾರ ಕುಣಿಗಲ್ಲಿನಲ್ಲಿತ್ತು. ಅಣ್ಣ ಯಾರಿಗೂ ಹೇಳದೆ ಹೊರಟ; ನನ್ನನ್ನು ಮಾತ್ರ ಕರೆದುಕೊಂಡ. ಸಂಜೆ, ರಂಗಪೂಜೆ ಮುಗಿದಿತ್ತು, ನಾಟಕ ಇನ್ನೂ ಶುರುವಾಗಿರಲಿಲ್ಲ. ಅಣ್ಣ ಚಪ್ಪಲಿ ಬಿಟ್ಟು ಸ್ಟೇಜು ಹತ್ತಿದ. ಜನ ಅವನನ್ನು ಗುರುತಿಸಿ ಕೂಗತೊಡಗಿದರು — "ಇಳಿಯೋ ಕೆಳಗೆ!" ಅವನು ನಟರು ಮಾಡುವ ಹಾಗೆ ಸ್ಟೇಜಿನ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಮಲಾಕ್ಷಮ್ಮ ಅರ್ಧ ಬಣ್ಣ ಹಚ್ಚಿಕೊಂಡ ಮುಖದಲ್ಲೇ ಪರದೆ ಸರಿಸಿ ಹೊರಗೆ ಬಂದರು.

"ತಾಯಿ," ಎಂದ ಅಣ್ಣ ಮೈಕಿನಲ್ಲಿ. "ಮೈಕ್ ಕೆಟ್ಟಿತ್ತು ಅಂತಾರೆ. ಕೆಟ್ಟಿಲ್ದೆ ಇದ್ದಿದ್ರೆ ನಿಮ್ಗೆ ಕೇಳಿಸ್ತಿರ್ನಿಲ್ಲ, ಅಷ್ಟೇಯ. ಆ ಮಾತು ನನ್ ಒಳಗಂತೂ ಇತ್ತು. ಅದು ನನ್ನದೇ ಹೊಲಸು. ಅವತ್ತು ಜನದ ಮುಂದೆ ಅಂದೆ, ಇವತ್ತು ಜನದ ಮುಂದೇನೇ ಕೇಳ್ತೀನಿ. ಕ್ಷಮಿಸ್ಬೇಕು. ಆಗಲ್ಲ ಅಂದ್ರೂ ನಂಗೆ ಬೇಜಾರಿಲ್ಲ, ಕೇಳೋದು ಕೇಳಿದೀನಿ."

ಕಮಲಾಕ್ಷಮ್ಮ ಹತ್ತಿರ ಬಂದು, ಮೈಕಿನ ಕುತ್ತಿಗೆ ಹಿಡಿದು ಆಚೆಗೆ ತಿರುಗಿಸಿದರು. ಅವನಿಗೆ ಮಾತ್ರ ಕೇಳುವ ಹಾಗೆ ಏನೋ ಹೇಳಿದರು. ಅಣ್ಣ ಅತ್ತುಬಿಟ್ಟ. ಅವರು ಅವನನ್ನು ಕೈಹಿಡಿದು ಇಳಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಬಣ್ಣ ಮುಗಿಸಲು ಒಳಗೆ ಹೋದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅದೊಂದು ನೆನೆದರೆ ಈಗಲೂ ನನ್ನ ಅಂಗೈ ನನಗೇ ಬೇಡವಾಗುತ್ತದೆ.

ಬಸ್ಸಿನಲ್ಲಿ ಬರುವಾಗ, "ಏನಂದ್ರಣ್ಣ ಅವ್ರು?" ಎಂದು ಕೇಳಿದೆ.

"ಅದು ನಂಗ್ ಹೇಳಿದ್ದು ಬುಡ್ಲಾ," ಎಂದ.

ಇದರಿಂದ ಒಳ್ಳೆಯದೇ ಆಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೆಂದು ಹೇಳಿಕೊಂಡು ವರ್ಷಗಳನ್ನು ದೂಡಿದೆ. ಆದರೆ ಅಣ್ಣನನ್ನು ನೀವು ನೋಡಲಿಲ್ಲ. ಟಿಕೆಟ್ಟು ಕೈತಪ್ಪಿತು; ಅದು ಹೋಗಲಿ. ಪೇಟೆಯಲ್ಲಿ ಅವನು ಬಾಯಿ ತೆರೆದರೆ ಸಾಕು, ಯಾರಾದರೂ, "ಚನ್ನಣ್ಣ, ಮೈಕ್ ಆನೈತೆ!" ಎಂದು ಕೂಗುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಹರಾಜು ಕೂಗುವುದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಮಾತಾಡುವ ಮುಂಚೆ ಸುತ್ತ ನೋಡುವುದನ್ನು ಕಲಿತ — ಮಂಡಿಯಲ್ಲಿ, ಮದುವೆ ಮನೆಯಲ್ಲಿ, ಕೊನೆಗೆ ತನ್ನ ಅಡುಗೆಮನೆಯಲ್ಲೂ. ಒಮ್ಮೆ ಅತ್ತಿಗೆ ನನಗೆ ಹೇಳಿದರು: "ನಿಮ್ಮಣ್ಣ ಈಗ ನನ್ನ ಬೈಯೋದೂ ಇಲ್ಲ ಕಣಪ್ಪ. ಉಪ್ಪು ಬೇಕಾದ್ರೆ ಕೈ ತೋರಿಸ್ತಾರೆ. ಬೈದ್ರೇ ಚೆನ್ನಾಗಿತ್ತು."

ಆ ತಾಯಿ ಕ್ಷಮಿಸಿದರು, ಜನ ಮರೆತರು. ಅವನು ಮಾತ್ರ ತನ್ನ ಬಾಯಿಗೆ ತಾನೇ ಕಾವಲು ಕೂತ. ಮೈಕು ಯಾವಾಗ ಕೆಟ್ಟಿರುತ್ತದೋ ಯಾರಿಗೆ ಗೊತ್ತು ಎಂದು ಹೆದರಿಕೊಂಡು. ಆ ಹೆದರಿಕೆ ನನ್ನ ಸುಳ್ಳಿನಿಂದ ಹುಟ್ಟಿದ್ದು. ತಮ್ಮನೇ ಮಾಡಿದ ಎಂದು ಗೊತ್ತಾಗಿದ್ದರೆ ನನ್ನನ್ನು ನಾಲ್ಕು ಬಾರಿಸಿ, ಮತ್ತೆ ಮೊದಲಿನ ಹಾಗೆ ಬದುಕುತ್ತಿದ್ದನೇನೋ.

ಬಹಳ ವರ್ಷಗಳ ನಂತರ, ಗೂಳೂರಿನ ಒಂದು ಸನ್ಮಾನಕ್ಕೆ ಕಮಲಾಕ್ಷಮ್ಮ ಬಂದಿದ್ದರು; ಅಲ್ಲಿಯೂ ಮೈಕು ನನ್ನದೇ. ವಯಸ್ಸಾಗಿತ್ತು. ಆಗ ಸೀರೆಗೆ ಸಿಕ್ಕಿಸುವ ಸಣ್ಣ ಮೈಕು ಬಂದಿತ್ತು. ಅದನ್ನು ಅವರ ಕೈಗೆ ಕೊಡುವಾಗ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಮೈಕನ್ನು ತಿರುಗಿಸಿ ನೋಡಿ, "ಇದು ಆನ್ ಇಲ್ಲ ತಾನೆ?" ಎಂದರು. ಒಂದು ಗಳಿಗೆ ನಕ್ಕರು. ಆಮೇಲೆ ನಗು ಹೋಯಿತು.

"ನಂಗ್ಯಾಕಪ್ಪಾ ಹೇಳ್ತೀಯ? ನನ್ನ ಲೆಕ್ಕ ಚನ್ನಣ್ಣೋರು ಅವತ್ತೇ ತೀರ್ಸವ್ರೆ. ನೀನು ತೀರಿಸ್ಬೇಕಾಗಿರೋದು ಅವ್ರಿಗೆ. ಅವ್ರು ಸ್ಟೇಜ್ ಹತ್ತಿ ಕೇಳಿದ್ರು — ನೀನು ಬಂದು ಮೂಲೇಲಿ ಹೆಂಗಸ್ರ ಕಿವೀಲಿ ಹೇಳ್ತಾ ಇದೀಯ!"

ಆದರೂ ನಾನು ಅಣ್ಣನ ಹತ್ತಿರ ತಕ್ಷಣ ಹೋಗಲಿಲ್ಲ. ಮಳೆಗಾಲ ಕಳೆಯಲಿ, ಮಗಳ ಮದುವೆ ಆಗಲಿ ಎಂದುಕೊಂಡೆ. ಕಮಲಾಕ್ಷಮ್ಮ ತೀರಿಕೊಂಡ ಸುದ್ದಿ ಬಂದಾಗ ಅಣ್ಣ ಕುಣಿಗಲ್ಲಿಗೆ ಹೋಗಿ ಬಂದ. ಅದಾದ ಮುಂದಿನ ಭಾನುವಾರ ಬೆಳಿಗ್ಗೆ ನಾನು ಅವನ ಮನೆಗೆ ಹೋದೆ. ನಡುಮನೆಯಲ್ಲಿ ಕೂತಿದ್ದ. ಅತ್ತಿಗೆ ಕಾಫಿ ತಂದಿಟ್ಟರು. ನಾನು ಕುಡಿಯಲಿಲ್ಲ. ನಾಬ್ ಸಡಿಲ ಇರಲಿಲ್ಲ ಅಣ್ಣ, ನಾನೇ ಏರಿಸಿದೆ, ಎಂದೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಯಾಕ್ಲಾ?" ಎಂದ, ಮೆಲ್ಲಗೆ.

"ಮಿನಿಸ್ಟ್ರು ಯಾರು ಅಂತ ಕೇಳ್ದಾಗ ತಮ್ಮ ಅನ್ನಲಿಲ್ಲ ನೀನು. ಮೈಕ್‌ಸೆಟ್‌ನವ್ನು ಅಂದೆ."

ಅವನಿಗೆ ನೆನಪೇ ಇರಲಿಲ್ಲ. ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. "ಅಷ್ಟಕ್ಕಾ?"

"ಅಷ್ಟಕ್ಕೇ ಅಣ್ಣ."

ಅವನು ಎದ್ದ. "ಎದ್ದೋಗ್ಲಾ ನನ್ ಮನೆಯಿಂದ!" — ಕಿಟಕಿಯ ಗಾಜು ಅದುರುವ ಹಾಗೆ ಕೂಗಿದ. ಸುತ್ತ ನೋಡಲಿಲ್ಲ. "ನನ್ ಬಾಯಿ ಕಿತ್ಕೊಂಡ್ಯಲ್ಲೋ ಪಾಪಿ! ಇಷ್ಟು ವರ್ಷ ನಿನ್ ಮುಂದೇನೇ ಮೂಕನ್ ಹಂಗೆ ಕೂತಿದ್ನಲ್ಲೋ!"

ನಾನು ಹೊರಗೆ ಬಂದೆ. ಬೀದಿಯ ಬಾಗಿಲುಗಳೆಲ್ಲ ತೆರೆದಿದ್ದವು. ಎದುರು ಮನೆಯ ಮುದುಕರು, ನಲ್ಲಿಯ ಹತ್ತಿರದ ಹೆಂಗಸರು, ಹಾಲಿನವನು — ಎಲ್ಲರೂ ನಿಂತು ನೋಡುತ್ತಿದ್ದರು. "ಚನ್ನಣ್ಣನ ಗಂಟ್ಲಾ ಅದು? ಏನಾಯ್ತು ಪುಟ್ಟಸ್ವಾಮಿ?" ಎಂದು ಮುದುಕರು ಕೇಳಿದರು.

ಏನಿಲ್ಲ ಬಿಡಿ, ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಆ ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ನಾನು ಮಾಡಿದ್ದನ್ನೆಲ್ಲ ಹೇಳಿದೆ. ನಡುವೆ ಹಿಂದಿನಿಂದ ಅಣ್ಣನ ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ಹೇಳಿ ಮುಗಿಸಿದೆ.

ಆ ಬಾಗಿಲು ನನಗೆ ಇನ್ನೂ ತೆರೆದಿಲ್ಲ. ಅಣ್ಣ ಮತ್ತೆ ಮಂಡಿಯಲ್ಲಿ ಕೂಗುತ್ತಾನೆ ಎಂದು ಜನ ಹೇಳುತ್ತಾರೆ. ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ಅವನು ಕರೆಯುವವರೆಗೆ ಹೋಗುವುದೂ ಇಲ್ಲ. ಕರೆಯದಿದ್ದರೆ, ಅದೂ ಸರಿಯೇ.