ಅಜ್ಜಿಗೆ ಹೇಳಿಕೊಟ್ಟ ಮಗ್ಗಿ

ಇವತ್ತು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಕನ್ನಡಕಕ್ಕೆ ಹೊಡೆದು ಒಂದು ಕ್ಷಣ ಏನೂ ಕಾಣಲಿಲ್ಲ. ಕಣ್ಣು ಕಾಣದಿದ್ದರೂ ಬಾಯಿ ತನ್ನಷ್ಟಕ್ಕೆ ತಾನೇ ಶುರುಮಾಡಿತು: ನಾಲ್ಕೊಂದ್ಲೆ ನಾಲ್ಕು, ನಾಲ್ಕೆರಡ್ಲೆ ಎಂಟು. ನಮ್ಮ ಇಡ್ಲಿ ತಟ್ಟೆಗೆ ನಾಲ್ಕು ಕುಳಿ. ನಿಮ್ಮ ಮನೆಯಲ್ಲಿ ಅದು ನಾಷ್ಟಾ ಮಾಡುವ ಸಾಮಾನು ಇರಬಹುದು. ನಮ್ಮಲ್ಲಿ ಕೆಲವು ಕಾಲ ಅದು ಪಾಠದ ಸಾಮಾನೂ ಆಗಿತ್ತು. ಪಾಠ ಹೇಳುವವಳು ನಾನೇ ಎಂದು ಸೆರಗು ಕಟ್ಟಿಕೊಂಡು ಹೊರಟವಳು ನಾನು. ಆದದ್ದು ಬೇರೆ.

ಆಗ ಮಗಳು ಅನಘಾ ನಾಲ್ಕನೇ ಕ್ಲಾಸು. ಗಣಿತವಿದ್ದ ದಿನ ಅವಳಿಗೆ ಹೊಟ್ಟೆನೋವು. ಮೊದಲು ನೆಪವೆಂದುಕೊಂಡೆವು, ಆಮೇಲೆ ನಿಜವಾಗಿಯೂ ವಾಂತಿ ಮಾಡಿಕೊಂಡಳು. ಶಾಲೆಯಲ್ಲಿ ಟೀಚರು ನನ್ನನ್ನು ಕರೆದು, ಹುಡುಗಿ ಹಿಂದೆ ಬೀಳುತ್ತಿದ್ದಾಳೆ, ಹೀಗೇ ಆದರೆ ಮುಂದಿನ ವರ್ಷ ಕಷ್ಟ, ಎಲ್ಲಾದರೂ ಟ್ಯೂಷನ್ ಹಚ್ಚಿ ಎಂದರು. ನಮ್ಮೆದುರೇ ಅವಳು ತಲೆ ತಗ್ಗಿಸಿ, "ನನಗ ಗಣಿತ ಬರೂದಿಲ್ಲ" ಎಂದಳು, ಬೇರೆ ಯಾರದೋ ಸುದ್ದಿ ಹೇಳುವಂತೆ.

ಟ್ಯೂಷನ್ ಯಾಕೆ, ನಾನಿಲ್ಲವೇ? ತೆಲುಗು ಸೀಮೆಯ ಈ ಊರಲ್ಲಿ, ನಾಚಾರಂನ ಔಷಧಿ ಕಾರ್ಖಾನೆಯೊಂದರಲ್ಲಿ ಅಳತೆ-ತೂಕ ಪರೀಕ್ಷಿಸುವ ವಿಭಾಗದಲ್ಲಿ ನನ್ನ ನೌಕರಿ. ದಿನವಿಡೀ ಅಂಕಿಗಳ ನಡುವೆ ಇರುವವಳಿಗೆ ಮಗ್ಗಿ ಹೇಳಿಕೊಡುವುದು ಎಷ್ಟು ಹೊತ್ತಿನ ಕೆಲಸ? ಪುಸ್ತಕ ಮುಚ್ಚಿಟ್ಟು, ಪಡಸಾಲೆಯ ನೆಲದ ಮೇಲೆ ಕಡಲೆಕಾಳು ಸುರಿದೆ. ಮೂರು ಮೂರರ ಗುಂಪು ಮಾಡಿ ಬಹಳ ಉತ್ಸಾಹದಿಂದ ಗುಣಾಕಾರದ ಗುಟ್ಟನ್ನೆಲ್ಲ ವಿವರಿಸಿ, "ಈಗ ಏನು ಕಾಣಾಕತ್ತೈತಿ?" ಎಂದು ಕೇಳಿದೆ.

ಅವಳು ಬಹಳ ಯೋಚಿಸಿ ಹೇಳಿದಳು: "ಕಡ್ಲಿ."

ಸರಿಯಾದ ಉತ್ತರವೇ. ಆದರೆ ನನಗೆ ಬೇಕಾದದ್ದು ಅದಲ್ಲವಲ್ಲ. ಮರುದಿನ ಚಮಚ, ಅದರ ಮರುದಿನ ಬಟ್ಟೆಯ ಕ್ಲಿಪ್ಪು. ಸಾಮಾನು ಬದಲಾಗುತ್ತಿತ್ತು, ಎರಡನೇ ಪ್ರಶ್ನೆಗೇ ನನ್ನ ದನಿ ಏರುವುದು ಮಾತ್ರ ಬದಲಾಗಲಿಲ್ಲ. ಲಿಂಗಂಪಲ್ಲಿ ಕಡೆ ಕೆಲಸ ಮುಗಿಸಿ ಲೋಕಲ್ ಟ್ರೇನಿನಲ್ಲಿ ಬರುತ್ತಿದ್ದ ನನ್ನ ಗಂಡ ಒಮ್ಮೆ ಚಪ್ಪಲಿ ಬಿಡುತ್ತಲೇ, "ಮಗ್ಗಿ ಆಕಿಗೆ ಬಂತೋ ಇಲ್ಲೋ ಗೊತ್ತಿಲ್ಲ, ಗಲ್ಲಿಯ ತುದಿಯ ಅಂಗಡಿಯವಗ ಬಂದೈತಿ ನೋಡು" ಎಂದರು.

ಆದರೂ ಅನಘಾ ಆಗೀಗ ಸರಿಯುತ್ತರ ಕೊಡುತ್ತಿದ್ದಳು. ನನ್ನ ವಿಧಾನ ಫಲಿಸುತ್ತಿದೆ ಎಂದು ಹಿಗ್ಗುತ್ತಿದ್ದೆ. ಅಸಲು ಸಂಗತಿ ಎಂದರೆ, ನನ್ನ ಬೆನ್ನ ಹಿಂದೆ ಸೋಸುತ್ತಿದ್ದ ಸೊಪ್ಪಿನಿಂದ ತಲೆಯೆತ್ತದೆ ನಮ್ಮತ್ತೆ ತುಟಿ ಅಲ್ಲಾಡಿಸಿ ಉತ್ತರ ದಾಟಿಸುತ್ತಿದ್ದರು. ಕಲಬುರಗಿಯಲ್ಲಿ ಓದಿದ ಅವರಿಗೆ ಪಾವು ಎಂದರೆ ಕಾಲು, ಅರ್ಧ, ಪೌಣ ಎಂದರೆ ಮುಕ್ಕಾಲು, ಈ ಮಗ್ಗಿಗಳೂ ಬಾಯಿಪಾಠ. ಮನೆಗೆ ಇಷ್ಟು ಜನ ಬರುತ್ತಾರೆಂದರೆ ಸಾಕು, ಜೋಳದ ಹಿಟ್ಟೆಷ್ಟು, ರೊಟ್ಟಿಯೆಷ್ಟು ಎಂದು ಕೂತಲ್ಲೇ ಹೇಳುವವರು.

ಆ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ದೊಡ್ಡದಲ್ಲ ಎಂದರು ಡಾಕ್ಟರು. ಬಲಗೈಗೆ ಶಕ್ತಿ ಬಂತು, ಮಾತು ಬಂತು, ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಅತ್ತೆ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. "ಅಕ್ಕಿ ನೀನ ಹಾಕವಾ, ನನಗ ಬ್ಯಾಸರ" ಎನ್ನುತ್ತಿದ್ದರು. ಗಡಿಯಾರದತ್ತ ನೋಡಿ, ಎಷ್ಟಾಯಿತು ಎಂದು ನನ್ನನ್ನು ಕೇಳುತ್ತಿದ್ದರು. ಕನ್ನಡಕದ ತೊಂದರೆ ಇರಬೇಕೆಂದು ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಮಾತಾಡಿದೆ.

ಕಂಡುಹಿಡಿದವಳು ಅನಘಾ. ಪಾಠದ ಹೊತ್ತಿನಲ್ಲಿ ಅವಳು ಎಂದಿನಂತೆ ನನ್ನ ಭುಜದಾಚೆ ಅಜ್ಜಿಯತ್ತ ಕಣ್ಣು ಹಾಯಿಸಿದಳು. ಅಜ್ಜಿಯ ತುಟಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ಎಲ್ಲ ಮರೆತು ಬಾಯಿಬಿಟ್ಟೇ ಕೇಳಿದಳು: "ಅಜ್ಜಿ, ನಾಕ್ ಮೂರ್ಲೆ ಎಷ್ಟ?"

ಅತ್ತೆ ಅವಳನ್ನು ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಇತ್ತು," ಎಂದರು. "ಇಲ್ಲೇ ಇತ್ತು." ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಮಿದುಳಿನಲ್ಲಿ ಲೆಕ್ಕದ ಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು, ಮನೆಯ ಸಾಮಾನು ಕೈಗೆ ಕೊಟ್ಟು ಮತ್ತೆ ರೂಢಿ ಮಾಡಿಸಿ ಎಂದರು ಡಾಕ್ಟರು. ಎಷ್ಟು ಮರಳಿ ಬರುತ್ತದೆ ಎಂದು ಮಾತು ಕೊಡಲಿಲ್ಲ. ಆ ಹೊತ್ತಿಗೆ ಕಾರ್ಖಾನೆಯಲ್ಲಿ ನನಗೆ ಕೆಲಸ ಹೆಚ್ಚಿತ್ತು. ಶಾಲೆಯಿಂದ ಮೊದಲು ಮನೆಗೆ ಬರುತ್ತಿದ್ದವಳು ಅನಘಾ.

ಒಂದು ಸಂಜೆ ನಾನು ಬಂದಾಗ ಅಡುಗೆಮನೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತಿದ್ದರು. ನಡುವೆ ಉಳ್ಳಾಗಡ್ಡಿಯ ಸಾಲಿತ್ತು, ಪಕ್ಕದಲ್ಲಿ ಖಾಲಿ ಇಡ್ಲಿ ತಟ್ಟೆಗಳು. ಅತ್ತೆ ಒಂದೊಂದೇ ಕುಳಿಗೆ ಉಳ್ಳಾಗಡ್ಡಿ ಇಡುತ್ತ ಎಣಿಸುತ್ತಿದ್ದರು. ಆರಾದ ಮೇಲೆ ನಿಂತರು. ಮತ್ತೆ ಮೊದಲಿನಿಂದ ಶುರು. ಮತ್ತೆ ಆರಕ್ಕೇ ನಿಂತರು. ಮೂರನೆಯ ಸಲ ತಟ್ಟೆಯನ್ನು ದೂಡಿಬಿಟ್ಟರು. ಉಳ್ಳಾಗಡ್ಡಿ ಉರುಳಿ ಒಲೆಯ ಕಟ್ಟೆಯ ಕೆಳಗೆ ಹೋಯಿತು.

"ಬ್ಯಾಡ ನನಗ. ಸಣ್ಣ ಹುಡುಗೂರ ಆಟ ಇದು. ನನ್ನ ತಲಿ ಹೋಗೇತಿ."

ನಾನು ಬಾಗಿಲಲ್ಲೇ ಬಾಯಿ ತೆರೆದೆ. ನಾನಾಗಿದ್ದರೆ ಹೇಳುವುದು ಗೊತ್ತೇ ಇದೆ: ಹಂಗನಬ್ಯಾಡ್ರಿ, ಭಾಳ ಸರಳ ಐತ್ರಿ, ಲಕ್ಷ್ಯ ಕೊಡ್ರಿ. ಅಷ್ಟರಲ್ಲಿ ಅನಘಾ ಅಜ್ಜಿಯ ಹತ್ತಿರ ಸರಿದು ಕೂತಳು.

"ನನಗೂ ಹಂಗ ಆಗ್ತೈತಿ ಅಜ್ಜಿ. ಎಲ್ಲಾರೂ ನೋಡಾಕತ್ತಿದ್ರ ಇನ್ನೂ ಜಾಸ್ತಿ."

"ಆವಾಗ ಏನ ಮಾಡ್ತಿ?"

"ಏನಿಲ್ಲ. ಸುಮ್ನ ಕುಂಡ್ರತೀನಿ. ಅವ್ವ ಒಂದ ಸ್ವಲ್ಪ ತಡದ್ರ, ಉತ್ತರ ಬಂದ ಬಿಡ್ತೈತಿ. ಆದ್ರ ಆಕಿ ತಡಿಯೂದಿಲ್ಲ."

ಅತ್ತೆ ನಕ್ಕರು, ಲಕ್ವ ಹೊಡೆದ ಮೇಲೆ ಮೊದಲ ಸಲ. ನಾನು ಬಂದ ಸದ್ದಾಗದಂತೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕಿವಿ ಬಿಸಿಯಾಗಿತ್ತು. ಒಳಗೆ ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡ ಸದ್ದಾಯಿತು. ಆಮೇಲೆ ಅತ್ತೆಯ ದನಿ, ನಿಧಾನವಾಗಿ: "ಏಳು." ಇನ್ನೂ ಸ್ವಲ್ಪ ಹೊತ್ತು ಬಿಟ್ಟು: "ಎಂಟು."

ಅಲ್ಲಿಂದ ಮನೆಯಿಡೀ ಅವರಿಬ್ಬರದಾಯಿತು. ರೊಟ್ಟಿ ಮುರಿದು ಅರ್ಧ, ಪಾವು. ಪಡಸಾಲೆಯ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲುಗಳ ಮೇಲೆ ಕೈಹಿಡಿದು ನಡೆದು, ಉದ್ದಕ್ಕೆಷ್ಟು, ಅಡ್ಡಕ್ಕೆಷ್ಟು, ಒಟ್ಟೆಷ್ಟು. ಕಲ್ಲು ಎಣಿಸುವುದಕ್ಕಿಂತ ಗುಣಿಸುವುದು ಬೇಗ ಎಂದು ಅನಘಾಗೆ ಹೊಳೆದದ್ದು ಅಜ್ಜಿ ಕಾಲುನೋವೆಂದು ಅರ್ಧಕ್ಕೇ ಕೂತಾಗ. ಅಜ್ಜಿಗೆ ಹೇಳಿಕೊಡಬೇಕೆಂದರೆ ತನಗೆ ಬರಬೇಕಲ್ಲ. ಹಾಗೆ ಅವಳು ಕಲಿತಳು. ಆರರ ಮಗ್ಗಿ ಬಂದ ಮೇಲೆ ಹೊಟ್ಟೆನೋವಿನ ಸುದ್ದಿಯೇ ಇರಲಿಲ್ಲ. ವರ್ಷದ ಕೊನೆಗೆ ಟೀಚರು, ಟ್ಯೂಷನ್ ಎಲ್ಲಿ ಹಚ್ಚಿದಿರಿ ಎಂದು ಕೇಳಿದಾಗ ನಾನು ಉತ್ತರಿಸುವ ಮೊದಲೇ ಅನಘಾ ತೆಲುಗಿನಲ್ಲಿ, ಟ್ಯೂಷನ್ ಹೇಳುವವಳೇ ತಾನು ಎಂದಳು. ಅವರು ತಮಾಷೆ ಎಂದುಕೊಂಡರು.

ಅತ್ತೆಯದೂ ಪರೀಕ್ಷೆಯಾಯಿತು. ಡಾಕ್ಟರು ಹಿಂದಿಯಲ್ಲಿ, ನೂರರಿಂದ ಏಳು ಕಳೆಯುತ್ತಾ ಹೋಗಿ ಎಂದರು. ಅತ್ತೆ ತೊಂಬತ್ತಮೂರು ಎಂದು ನಿಂತರು. ಡಾಕ್ಟರು ಏನೋ ಹೇಳಹೊರಟಾಗ ಅತ್ತೆ ಕೈಯೆತ್ತಿ ತಡೆದರು: "ಜಲ್ದಿ ಐತೇನ್ರಿ ನಿಮಗ?" ಡಾಕ್ಟರಿಗೆ ಕನ್ನಡ ಬಾರದಿದ್ದರೂ ಜಲ್ದಿ ಎಂಬುದು ತಿಳಿಯಿತು. ಪೆನ್ನು ಕೆಳಗಿಟ್ಟು ಕೂತರು. "ಎಂಬತ್ತಾರು," ಎಂದರು ಅತ್ತೆ, ಆರಾಮವಾಗಿ.

ಅನಘಾ ಈಗ ಹತ್ತನೇ ಕ್ಲಾಸು. ಅತ್ತೆಗೆ ಕಳೆದದ್ದೆಲ್ಲ ಮರಳಿಲ್ಲ; ಪೌಣದ ಮಗ್ಗಿ ಬರಲೇ ಇಲ್ಲ. ಆದರೆ ಅಕ್ಕಿ ಅವರೇ ಹಾಕುತ್ತಾರೆ. ಇಂದು ನಾಷ್ಟಾ ಮುಗಿದ ಮೇಲೆ ನಾನು ಕಸಬರಿಗೆ ಹುಡುಕುತ್ತಾ ಪಡಸಾಲೆಗೆ ಬಂದರೆ, ಅದನ್ನು ಅನಘಾ ಗೋಡೆಗೆ ಓರೆಯಾಗಿ ಆನಿಸಿ ನಿಲ್ಲಿಸಿದ್ದಳು. ಗೋಡೆಯ ಎತ್ತರ, ನೆಲದ ಉದ್ದ, ನೆಲಕ್ಕೂ ಕಸಬರಿಗೆಗೂ ನಡುವಿನ ಕೋನ. ಅಜ್ಜಿಗೆ ತ್ರಿಕೋನಮಿತಿಯ ಪಾಠ ನಡೆದಿತ್ತು.

"ಬುಡ ಹಿಂದ ಸರಿಸಿದ್ರ ಈ ಕೋನ ಏನಾಗ್ತೈತಿ, ಹೇಳಜ್ಜಿ."

ಅತ್ತೆ ತಲೆ ಓರೆ ಮಾಡಿ ಕಸಬರಿಗೆಯನ್ನೇ ನೋಡುತ್ತಿದ್ದರು. ನನಗೆ ಆಫೀಸಿಗೆ ಹೊತ್ತಾಗಿತ್ತು, ಮನೆ ಗುಡಿಸುವುದಿತ್ತು, ಉತ್ತರವೂ ಗೊತ್ತಿತ್ತು. ಬಾಗಿಲಿಗೆ ಒರಗಿ, ಕಾಯುತ್ತಾ ನಿಂತೆ.