ಮಗ್ಗದ ಕೂಸು, ಪಿಟೀಲಿನ ಅಪ್ಪ

ನನ್ನ ತವರು ರಬಕವಿ, ಗಂಡನ ಮನೆ ಜಮಖಂಡಿ. ನಡುವೆ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ ಅಷ್ಟೇ. ಆದರೆ ಸಂಸ್ಥಾನಗಳು ಇನ್ನೂ ಇದ್ದ ಕಾಲ ಅದು, ಎರಡೂ ಊರು ಬೇರೆ ಬೇರೆ ರಾಜರಿಗೆ ಸೇರಿದ್ದವು. ನನ್ನ ಅಪ್ಪನಿಗೆ ಇದೊಂದು ದೊಡ್ಡ ಅನುಕೂಲವಾಗಿತ್ತು. ಅಳಿಯನ ಮೇಲೆ ಸಿಟ್ಟು ಬಂದಾಗಲೆಲ್ಲ, "ಆ ರಾಜ್ಯದಾಗ ಎಲ್ಲಾ ಹಿಂಗ ಬಿಡು" ಎಂದು ಇಡೀ ಜಮಖಂಡಿಯನ್ನೇ ಬೈದು ಕೈತೊಳೆದುಕೊಳ್ಳುತ್ತಿದ್ದ.

ಸಿಟ್ಟಿಗೆ ಕಾರಣ ಪಿಟೀಲು. ಸಂಬಂಧ ತಂದವರು, "ಹುಡುಗ ಅರಮನ್ಯಾಗ ನೌಕರಿ ಮಾಡ್ತಾನ" ಎಂದಷ್ಟೇ ಹೇಳಿದ್ದರು. ನೇಕಾರನಾದ ಅಪ್ಪ, ನೌಕರಿ ಎಂದರೆ ಕಾರಕೂನನ ಕೆಲಸವೇ ಇರಬೇಕೆಂದು ತಿಳಿದ. ಮದುವೆಗೆ ಬಂದ ವರ ಒಂದು ಕರಿಯ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ಬಗಲಲ್ಲೇ ಹಿಡಿದುಕೊಂಡಿದ್ದಾಗ, ಅದರಲ್ಲಿ ಅರಮನೆಯ ದಫ್ತರ ಇದೆಯೆಂದು ನಮ್ಮ ನೆಂಟರಿಗೆಲ್ಲ ಸಾರಿ ಮೆರೆದ. ಊಟವಾದ ಮೇಲೆ ವರ ಪೆಟ್ಟಿಗೆ ತೆರೆದು, ಪಿಟೀಲು ಹೊರತೆಗೆದು, ಬೀಗರ ಮುಂದೆ ಬಾರಿಸಲು ಕುಳಿತರು. ಅಪ್ಪನ ಮುಖ ಆಗ ನೋಡುವ ಹಾಗಿತ್ತು. ಅಂದಿನಿಂದ ನಮ್ಮ ಯಜಮಾನರ ನೌಕರಿಗೆ ತವರಿನಲ್ಲಿ ಒಂದೇ ಹೆಸರು.

"ಏನಂತಾರ ನಿನ್ನ ಗಂಡ? ಕುಂಯ್ ಕುಂಯ್ ಛಲೋ ನಡದೈತೇನ?"

ಅಪ್ಪನ ಎದುರು ನಾನು ಗಂಡನ ಪರವಾಗಿ ಜಗಳವಾಡುತ್ತಿದ್ದೆ. ಗಂಡನ ಎದುರು ಅಪ್ಪನ ಪರವಾಗಿ ಜಗಳವಾಡುತ್ತಿದ್ದೆ. ಒಟ್ಟಿನಲ್ಲಿ ನನಗೆ ಬಿಡುವು ಇರಲಿಲ್ಲ.

ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ನನ್ನ ಮಗಳು ಹುಟ್ಟಿದ್ದು ರಬಕವಿಯಲ್ಲಿ. ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಕುಣಿಮಗ್ಗ ಇತ್ತು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತನೆಂದರೆ ಎದ್ದೇಳುವುದು ಊಟಕ್ಕೇ. ಮಗ್ಗದ ಪಕ್ಕದ ತೊಲೆಗೆ ತೊಟ್ಟಿಲು ಕಟ್ಟಿ, ಅದರಿಂದ ಒಂದು ಹುರಿಯನ್ನು ಅಪ್ಪ ಕಾಲಲ್ಲಿ ತುಳಿಯುವ ಹಲಗೆಗೆ ಬಿಗಿಯುವುದು ನಮ್ಮ ಮನೆಯ ಪದ್ಧತಿ. ತುಳಿದರೆ ತೊಟ್ಟಿಲು ಅತ್ತ, ಬಿಟ್ಟರೆ ಇತ್ತ. ಸೀರೆ ನೇಯ್ದದ್ದೂ ಆಯಿತು, ಕೂಸು ತೂಗಿದ್ದೂ ಆಯಿತು. ನಾನು ಬೆಳೆದದ್ದೂ ಅದೇ ಹುರಿಯ ತುದಿಯಲ್ಲಿ. ಲಾಳಿ ಅತ್ತಿತ್ತ ಓಡುವ ಖಟ್ ಖಟ್ ಸದ್ದಿಗೆ ನನ್ನ ಮಗಳು ಎಂಥ ನಿದ್ದೆ ಮಾಡುತ್ತಿದ್ದಳೆಂದರೆ, ಹಾಲು ಕುಡಿಸಲು ಎಬ್ಬಿಸುವುದೇ ನನಗೊಂದು ಕೆಲಸವಾಗಿತ್ತು.

ಕೂಸನ್ನು ನೋಡಲು ಬಂದ ನಮ್ಮವರು ಪಿಟೀಲನ್ನೂ ತಂದಿದ್ದರು. ತೊಟ್ಟಿಲ ಬಳಿ ಕುಳಿತು ಬಾರಿಸತೊಡಗಿದರು. ಅಪ್ಪ ಮಗ್ಗ ನಿಲ್ಲಿಸಲಿಲ್ಲ.

"ಮಾವಾರ, ಒಂದ್ ಸ್ವಲ್ಪ..." ಎಂದು ಇವರು ಸನ್ನೆ ಮಾಡಿದರು.

"ಬಾರಸ್ರಿ, ಬಾರಸ್ರಿ, ಯಾರ ಬ್ಯಾಡ ಅಂದಾರು?" ಎಂದು ಅಪ್ಪ ಇನ್ನಷ್ಟು ಜೋರಾಗಿ ತುಳಿದ.

ಪಿಟೀಲಿನ ಸದ್ದು ಪಿಟೀಲಿಗೇ ಕೇಳಿಸಲಿಲ್ಲ. ಇವರು ಮುಖ ಊದಿಸಿಕೊಂಡು ಜಮಖಂಡಿಗೆ ಹೋದರು. ಹೋದವರು ಸುಮ್ಮನೆ ಇರಬೇಕೋ ಬೇಡವೋ? ನನ್ನ ಮಗಳು ಮನೆಗೆ ಬರಲಿ, ದಿನಾ ಶಾಸ್ತ್ರೀಯ ಜೋಗುಳ ಕೇಳಿಸಿಯೇ ಮಲಗಿಸುತ್ತೇನೆ ಎಂದು ಅರಮನೆಯ ವಾದ್ಯದವರ ಮುಂದೆಲ್ಲ ಹೇಳಿದರು. ಮಾತು ಒಳಗಿನವರೆಗೂ ಹೋಯಿತು. ರಾಣಿಸಾಹೇಬರ ಮನೆಯಲ್ಲೂ ಒಂದು ಹಸುಗೂಸು ಇತ್ತು. "ಹಾಗಾದರೆ ನಿಮ್ಮ ಕೂಸಿಗೆ ಬಾರಿಸಿದ ಮೇಲೆ ನಮ್ಮ ಕೂಸಿಗೂ ಬಂದು ಬಾರಿಸಿ" ಎಂದು ಅಪ್ಪಣೆಯಾಯಿತು.

ಕೂಸನ್ನು ಎತ್ತಿಕೊಂಡು ನಾನು ಜಮಖಂಡಿಗೆ ಬಂದೆ. ನಮ್ಮದು ಸದ್ದುಗದ್ದಲವಿಲ್ಲದ ಓಣಿ. ಹುಟ್ಟಿದಾಗಿನಿಂದ ಖಟ್ ಖಟ್ ಕೇಳಿದ ಕೂಸಿಗೆ ಆ ಮೌನ ಕಂಡು ದಿಗಿಲು ಬಿದ್ದಿರಬೇಕು. ಬೆಳಿಗ್ಗೆಯಿಂದಲೇ ಕಿರುಚಲು ಶುರು ಮಾಡಿತು.

"ಪಿಟೀಲು ತಗೀರಿ, ಕೂಸು ಅಳಾಕತ್ತೈತಿ" ಎಂದೆ.

ಅವರು ಅಂಗಳಕ್ಕೆ ಹೋಗಿ ಬಿಸಿಲು ನೋಡಿ ಬಂದರು. "ಈಗ ಆಗೂದಿಲ್ಲ. ನಾ ಕೂಸಿಗಂತ ಕೂಡಿಸಿದ್ದು ಭೀಮಪಲಾಸಿ. ಅದು ಮಧ್ಯಾಹ್ನದ ರಾಗ. ಇನ್ನ ಹೊತ್ತೈತಿ."

"ಅಲ್ಲಿತನಕ ಕೂಸು ಏನ ಮಾಡಬೇಕು?"

"ತಡೀಬೇಕು."

ಕೂಸು ತಡೆಯಲಿಲ್ಲ. ಮಧ್ಯಾಹ್ನವಾದ ಮೇಲೆ ಅವರು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಶ್ರುತಿ ಮಾಡಿಕೊಂಡು ಕುಳಿತರು. ಕಣ್ಣು ಮುಚ್ಚಿ ಬಾರಿಸುವುದು ಅವರ ರೂಢಿ. ಕೂಸು ಒಂದು ಕ್ಷಣ ಸುಮ್ಮನಾಗಿ ಆ ವಿಚಿತ್ರ ವಾದ್ಯವನ್ನು ನೋಡಿತು. ಆಮೇಲೆ ಕೂಸು ತೆಗೆದ ದನಿಗೆ ಎದುರು ಮನೆಯ ಎಮ್ಮೆ ಹಗ್ಗ ಜಗ್ಗಿತು. ನಿದ್ದೆ ಬಂದದ್ದು ನನಗೆ. ಗೋಡೆಗೆ ಒರಗಿದವಳು ಹಾಗೇ ತೂಕಡಿಸಿದೆ. ಅದಕ್ಕೂ ಬೈಸಿಕೊಂಡೆ.

ದಿನಾ ಇದೇ ಆಟ. ಕೊನೆಗೆ ಇವರು ಅರಮನೆಯ ಬ್ಯಾಂಡಿನಲ್ಲಿದ್ದ ಗೋವೆಯ ಕ್ರೈಸ್ತ ಗೆಳೆಯನನ್ನು ಕರೆತಂದರು. ಆತ ಗಿಟಾರು ಬಾರಿಸುತ್ತಿದ್ದ. ಬಲು ಸಾಧು ಮನುಷ್ಯ. "ವೈನಿ, ಚಿಂತಿ ಬ್ಯಾಡ. ನಮ್ಮ ತಾಯಿ ನಮಗ ಹಾಡಿದ್ದು ಬಾರಸ್ತೇನಿ. ನಾವು ಎಲ್ಲಾ ಮಕ್ಕಳೂ ಅದಕ್ಕ ಮಲಗೇವಿ" ಎಂದ. ಗಿಟಾರು ಕಂಡು ಕೂಸು ನಿಜಕ್ಕೂ ಅಳು ನಿಲ್ಲಿಸಿತು. ನನ್ನ ಕಂಕುಳಿಂದಲೇ, ತಂತಿಯ ಕೆಳಗಿನ ದುಂಡನೆಯ ತೂತಿನೊಳಗೆ ಏನಿದೆಯೆಂದು ಬಗ್ಗಿ ನೋಡಿತು. ನಮ್ಮವರು ನನ್ನ ಕಡೆ ಗೆದ್ದವರ ಹಾಗೆ ತಿರುಗಿದರು. ಅಷ್ಟರಲ್ಲಿ ಕೂಸು ಆಗತಾನೇ ಕುಡಿದ ಹಾಲನ್ನೆಲ್ಲ ಆ ತೂತಿನೊಳಗೆ ಕಕ್ಕಿಬಿಟ್ಟಿತು.

ನಾನು ನಾಚಿಕೆಯಿಂದ ಸತ್ತೆ. ಆ ಪುಣ್ಯಾತ್ಮ ಗಿಟಾರನ್ನು ಬೋರಲು ಹಿಡಿದು ಅಲುಗಾಡಿಸುತ್ತ, "ಇರಲಿ ವೈನಿ, ಇದಕ್ಕೂ ಹೊಟ್ಟಿ ಐತಿ" ಎಂದ. ಆಮೇಲೆ ಬಹಳ ದಿನ ಅರಮನೆಯ ಬ್ಯಾಂಡಿನಲ್ಲಿ ಹುಳಿ ಹಾಲಿನ ವಾಸನೆ ಬರುತ್ತಿತ್ತಂತೆ.

ಇಷ್ಟಾದರೂ ನಗುತ್ತಲೇ ಇದ್ದೆವು. ನಗು ನಿಂತದ್ದು ಪಕ್ಕದ ಮನೆಯಾಕೆಯಿಂದ. ಆಕೆ ಕೆಟ್ಟವಳಲ್ಲ, ಬಾಯಿಗೆ ಬಂದದ್ದನ್ನು ಆಡುವವಳು. ಬಾವಿಕಟ್ಟೆಯಲ್ಲಿ ನನಗೆ, "ನಿಮ್ಮ ಮನಿಯವರು ಬಾರಸೂದು ಬಿಟ್ರ ಕೂಸು ತಾನ ಮಲಗ್ತೈತಿ ನೋಡ್ರಿ. ಅದರ ಕಾಟಕ್ಕ ಅಳತೈತಿ" ಎಂದಳು. ನಮ್ಮವರು ಗೋಡೆಯ ಆಚೆ ಇದ್ದರು, ಕೇಳಿಸಿಕೊಂಡರು.

ನಾನು ನೀರು ಹೊತ್ತು ಒಳಗೆ ಬಂದಾಗ ಅವರು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುತ್ತಿದ್ದರು.

"ಅರಮನಿಗೆ ಹೇಳಿಬಿಡ್ತೇನಿ. ಜೋಗುಳ ನನ್ನ ಕೈಲೆ ಆಗೂದಿಲ್ಲ."

ನಾನು ನಗಿಸಲು ನೋಡಿದೆ. ಅವರು ನಗಲಿಲ್ಲ. ಅವರ ತಾಯಿ ಅವರು ಕೂಸಿದ್ದಾಗಲೇ ತೀರಿಕೊಂಡಿದ್ದರು, ಮುಧೋಳದ ಸೋದರತ್ತೆಯ ಮನೆಯಲ್ಲಿ ಬೆಳೆದವರು. ಇದು ನನಗೆ ಗೊತ್ತಿತ್ತು. ಆದರೆ ಅವರ ಬಾಯಿಂದ ಕೇಳಿದ್ದು ಅವತ್ತೇ ಮೊದಲು.

"ನಮ್ಮವ್ವ ನನ್ನ ಏನ ಹಾಡಿ ಮಲಗಿಸಿದ್ಲು, ನನಗ ಗೊತ್ತಿಲ್ಲ. ಹಾಡಿದ್ಲೋ ಇಲ್ಲೋ ಅದೂ ಗೊತ್ತಿಲ್ಲ. ನನ್ನ ಮಗಳಿಗೆ ಒಂದಾದ್ರೂ ಗೊತ್ತಿರಲಿ ಅಂತ ಇತ್ತು, ಅಷ್ಟ."

ಇಷ್ಟು ದಿನ ಇದನ್ನು ಗಂಡಸಿನ ಜಂಬ ಎಂದು ತಿಳಿದಿದ್ದೆ. ಅಳಬೇಕು ಅನ್ನಿಸಿತು, ಆದರೆ ಅಳುವ ಸರದಿ ಕೂಸಿನದಾಗಿತ್ತು. "ನಡ್ರಿ ರಬಕವಿಗೆ. ಕೂಸಿಗೆ ನಿದ್ದಿ ಬೇಕು, ನನಗೂ ಬೇಕು" ಎಂದೆ. ಪಿಟೀಲಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಕೌದಿಯಲ್ಲಿ ಸುತ್ತಿ ಚಕ್ಕಡಿಯಲ್ಲಿಟ್ಟೆ. ಅವರು ನೋಡಿದರು, ನೋಡಲಿಲ್ಲ ಎನ್ನುವ ಹಾಗೆ ಎತ್ತಿನ ಕಡೆ ತಿರುಗಿದರು.

ರಬಕವಿಯ ನೇಕಾರರ ಓಣಿ ಹೊಕ್ಕೆವೋ ಇಲ್ಲವೋ, ಮನೆಮನೆಯ ಮಗ್ಗದ ಸದ್ದಿಗೆ ಕೂಸು ಅಳು ನಿಲ್ಲಿಸಿತು. ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ನಿದ್ದೆ ಹೋಗಿತ್ತು. ಅಪ್ಪನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು?

"ನೋಡ್ರಿ ಅಳ್ಯಾರ, ರಾಗ ಅಂದ್ರ ಇದು!"

ನಮ್ಮವರು ತೊಟ್ಟಿಲಿನ ಹತ್ತಿರ ಕುಳಿತು, ಮಗ್ಗವನ್ನು ಕೇಳುತ್ತ ಕುಳಿತರು. ಮರುದಿನವೂ ಕುಳಿತರು. ನಾನು ಚಹಾ ಕೊಡಲು ಹೋದಾಗ ಮೆಲ್ಲಗೆ, "ನಿಮ್ಮಪ್ಪನ ಲಯ ಭಾಳ ಗಟ್ಟಿ ಐತಿ. ಇಷ್ಟೊತ್ತಿನಾಗ ಒಂದ್ ಮಾತ್ರಿನೂ ತಪ್ಪಿಲ್ಲ. ನಮ್ಮ ತಬಲಾದವರಿಗೆ ಇಷ್ಟ ಬಂದ್ರ ಸಾಕಾಗಿತ್ತು" ಎಂದರು.

ಇಂಥ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಊಟಕ್ಕೆ ಬಡಿಸುವಾಗ ಅಪ್ಪನಿಗೆ ಮುಟ್ಟಿಸಿದೆ. ಅಪ್ಪ, "ಅವರಿಗೇನ ಗೊತ್ತ ಮಗ್ಗದ್ದು" ಎಂದು ರೊಟ್ಟಿ ಮುರಿದ. ಆದರೆ ಊಟವಾದ ಮೇಲೆ ಮೀಸೆ ತೀಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಲಾಳಿಯನ್ನು ಎಂಥ ಠೀವಿಯಿಂದ ಓಡಿಸಿದನೆಂದರೆ, ಮಗ್ಗಕ್ಕೆ ಹೂಡಿದ್ದ ಹಾಸಿನ ಎಳೆಗಳು ಪಟಪಟ ಹರಿದುಹೋದವು. ಅವನ್ನು ಗಂಟು ಹಾಕುತ್ತ ಸಂಜೆಯಾಯಿತು. ಅವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಗಂಟು ಹಾಕುವಾಗಲೇ ಅಪ್ಪ ತಲೆ ಎತ್ತದೆ ಕೇಳಿದ. "ಆ ಪೆಟಗಿ ತಂದೀರೇನ?"

ಮರುದಿನ ಮಧ್ಯಾಹ್ನ ನಮ್ಮವರು ಪಿಟೀಲು ಹಿಡಿದರು. ಈ ಸಲ ಮಗ್ಗದ ಜೊತೆ ಸ್ಪರ್ಧೆಗೆ ಇಳಿಯಲಿಲ್ಲ. ಅಪ್ಪ ತುಳಿಯುವ ಲೆಕ್ಕಕ್ಕೇ ಭೀಮಪಲಾಸಿಯನ್ನು ಕೂಡಿಸಿ, ಖಟ್ ಎಂದಲ್ಲಿ ಕಮಾನು ಹೊರಳಿಸುತ್ತ, ನಡುವಿನ ಸಂದಿಯಲ್ಲಿ ಸ್ವರ ಎಳೆಯುತ್ತ ಹೋದರು. ಕೂಸು ಅಳಲಿಲ್ಲ, ಮಲಗಿತು. ಆಗ ಹೊಸ ಜಗಳ ಶುರುವಾಯಿತು.

"ಮಗ್ಗಕ್ಕ ಮಲಗೈತಿ" ಎಂದ ಅಪ್ಪ.

"ಮಗ್ಗ ಐತ್ರಿ ಮಾವಾರ, ಆದ್ರ ಪಿಟೀಲಿಗೂ ಮಲಗಿರಬಹುದಲ್ರಿ" ಎಂದರು ಇವರು.

"ಇಬ್ರೊಳಗ ಒಬ್ರು ನಿಲ್ಲಸ್ರಿ, ಗೊತ್ತಾಕ್ಕೈತಿ" ಎಂದಳು ಅವ್ವ.

ನಿಲ್ಲಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಊಟಕ್ಕೆ ಕರೆದರೆ ಅಪ್ಪ, "ಮೊದಲ ಅವರಿಗೆ ಬಡಸು" ಎನ್ನುವನು. ಇವರು, "ಮಾವಾರು ಏಳಲಿ" ಎನ್ನುವರು. ಮಾಡಿದ ಪಲ್ಯ ಆರಿ ತಣ್ಣಗಾಗುತ್ತಿತ್ತು. ಇಬ್ಬರಿಗೂ ಒಟ್ಟಿಗೇ ಮಂಗಳಾರತಿ ಎತ್ತಿದೆ, ಯಾರೂ ಕೇಳಲಿಲ್ಲ. ಒಂದು ಕಡೆ ನಗು ಬರುತ್ತಿತ್ತು. ಇನ್ನೊಂದು ಕಡೆ ಭಯ. ಅಪ್ಪ ನಿಲ್ಲಿಸಿ, ಕೂಸು ಎದ್ದು ಕಿರುಚಿದರೆ ಆ ಪೆಟ್ಟಿಗೆ ಮತ್ತೆ ಅಟ್ಟ ಸೇರುವುದು, ಇನ್ನು ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಹುಶಃ ಅಪ್ಪನಿಗೂ ಗೊತ್ತಾಗಿತ್ತು.

ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಏನೋ ಇಲ್ಲ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಪಡಸಾಲೆಯ ಖಟ್ ಖಟ್ ಇರಲಿಲ್ಲ. ನಮ್ಮ ಮನೆಯಲ್ಲಿ ಕೆಲಸದ ಹೊತ್ತಿನಲ್ಲಿ ಮಗ್ಗ ನಿಲ್ಲುವುದು ಸಾವಾದರೆ ಮಾತ್ರ. ಮೊರ ಬಿಟ್ಟು ಪಡಸಾಲೆಗೆ ಓಡಿದೆ.

ಅಪ್ಪ ಮಗ್ಗದಲ್ಲೇ ಕುಳಿತಿದ್ದ. ಕೈಯಲ್ಲಿ ಲಾಳಿ ಹಾಗೇ ಇತ್ತು. ಕಾಲನ್ನು ಹಲಗೆಯಿಂದ ಮೇಲೆತ್ತಿ ಹಿಡಿದಿದ್ದ, ಇಟ್ಟರೆ ಎಲ್ಲಿ ಸದ್ದಾಗುವುದೋ ಎನ್ನುವ ಹಾಗೆ. ಮುದುಕನ ಮೊಣಕಾಲು ನಡುಗುತ್ತಿತ್ತು. ತೊಟ್ಟಿಲ ಹುರಿ ಸಡಿಲಾಗಿ ಜೋತು ಬಿದ್ದಿತ್ತು. ನಮ್ಮವರು ಎಂದಿನಂತೆ ಕಣ್ಣು ಮುಚ್ಚಿ ಬಾರಿಸುತ್ತಿದ್ದರು. ಅಳಿಯನ ಪಿಟೀಲನ್ನು ಅಪ್ಪ ಸರಿಯಾಗಿ ಕೇಳಿದ್ದು ಮದುವೆಯ ದಿನ ಬಿಟ್ಟರೆ ಅದೇ ಮೊದಲು, ಅವತ್ತೂ ಸಿಟ್ಟಿನಲ್ಲಿ ಕೇಳಿರಲಿಕ್ಕಿಲ್ಲ. ನನ್ನನ್ನು ಕಂಡು ತುಟಿಗೆ ಬೆರಳಿಟ್ಟ.

ಮಗ್ಗ ನಿಂತದ್ದು ನಮ್ಮವರಿಗೂ ಗೊತ್ತಾಗಿರಬೇಕು. ಕಣ್ಣು ತೆರೆದರು. ಮಾವನ ಕಾಲು ನೋಡಿದರು, ಹುರಿ ನೋಡಿದರು. ಕಮಾನು ನಿಧಾನವಾಯಿತು.

"ನಿಲ್ಲಸಬ್ಯಾಡ್ರಿ ಅಳ್ಯಾರ" ಎಂದು ಅಪ್ಪ ಪಿಸುಗುಟ್ಟಿದ. "ಕೂಸು ಎದ್ದೀತು."

ಅವರು ನಿಲ್ಲಿಸಲಿಲ್ಲ. ಕೆನ್ನೆಯ ಮೇಲೆ ನೀರು ಇಳಿದು ಪಿಟೀಲಿನ ಮೇಲೆ ಬಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾನು ತುದಿಗಾಲಲ್ಲಿ ಹೋಗಿ ತೊಟ್ಟಿಲೊಳಗೆ ಬಗ್ಗಿದೆ.

ಕೂಸು ಎದ್ದೇ ಇತ್ತು. ಎರಡೂ ಕಣ್ಣು ಅಗಲವಾಗಿ ತೆರೆದು, ಬೆರಳು ಚೀಪುವುದನ್ನೂ ಮರೆತು, ಸದ್ದು ಬರುವ ಕಡೆಗೆ ಮುಖ ಮಾಡಿ ಕೇಳುತ್ತಿತ್ತು. ಗಂಡಸರಿಬ್ಬರೂ ಕುಳಿತಲ್ಲಿಂದ ತೊಟ್ಟಿಲಿನ ಒಳಗೆ ಕಾಣುವ ಹಾಗಿರಲಿಲ್ಲ.

"ಮಲಗೈತೇನ?" ಎಂದು ಅಪ್ಪ ಸನ್ನೆಯಲ್ಲೇ ಕೇಳಿದ. ನಮ್ಮವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ" ಎಂದೆ. "ಬಾರಸ್ರಿ."